ಬಾದಾಮಿಯ ಕೆಂಪು ಫೋಟೊಗೆ ಸಿಕ್ಕ ಬಗೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯವರಾದ ನಮಗೆ ಬಂಡೆ ಅಂದರೆ ಬೂದು. ಪಾಂಡವಪುರದ ಕುಂತಿಬೆಟ್ಟ ಬೂದು, ಗಗನಚುಕ್ಕಿಯಲ್ಲಿ ಕಾವೇರಿ ಧುಮುಕುವ ಬಂಡೆಯೂ ಬೂದು. ಮಂಡ್ಯ ಸ್ಟೇಷನ್ನಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ, ಒಂದು ರಾತ್ರಿ ಕಳೆದು ಬಾದಾಮಿಯಲ್ಲಿ ಇಳಿದವನಿಗೆ ಅಲ್ಲಿನ ಬೆಟ್ಟ ಕೆಂಡದ ರಾಶಿಯಂತೆ ಕಂಡಿತು. ಗುಹೆಯೊಳಗೆ ನಿಂತು ಒಂದಾದ ಮೇಲೊಂದು ಫೋಟೊ ತೆಗೆದೆ. ಊರಿಗೆ ಬಂದು ನೋಡಿದರೆ ಎಲ್ಲವೂ ಮಾಸಲು ಮಣ್ಣುಬಣ್ಣ. ಕಣ್ಣು ಕಂಡ ಕೆಂಪು ಎಲ್ಲಿ ಹೋಯಿತು? ಹುಡುಕುತ್ತ ಹೋದಾಗ ತಿಳಿಯಿತು, ಈ ಕೆಂಪು ಕ್ಯಾಮೆರಾಗೆ ಮೊದಲಿನಿಂದಲೂ ಸುಲಭಕ್ಕೆ ಸಿಕ್ಕದ್ದಲ್ಲ.

ಬಾದಾಮಿಗೆ ಕ್ಯಾಮೆರಾ ಬಂದದ್ದು ಬಹಳ ಬೇಗ. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಬಾಂಬೆ ಫಿರಂಗಿದಳದ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ವಿಜಯಪುರ, ಐಹೊಳೆ, ಬಾದಾಮಿಗಳ ಸ್ಮಾರಕಗಳ ಚಿತ್ರ ತೆಗೆಯಲು ನೇಮಿಸಿತು. ಅದೇ ವರ್ಷದ ಕೊನೆಗೆ ಸೈನ್ಯ ಅವರನ್ನು ವಾಪಸು ಕರೆಸಿಕೊಂಡಿತು. ಕೆಲಸ ಡಾಕ್ಟರ್ ಪಿಗೂ ಅವರ ಕೈಗೆ ಹೋಯಿತು. ಈ ಇಬ್ಬರು ಮತ್ತು ನೀಲ್ ಎಂಬವರು ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಗಿ ಹೊರಬಂದವು. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳ ಸಮೀಕ್ಷೆ ನಡೆಸಿದಾಗಲೂ ಬಾದಾಮಿಯ ಗುಹೆಗಳು ಅದರಲ್ಲಿ ಮುಖ್ಯವಾಗಿದ್ದವು.

ಬಿಗ್ಸ್ ಬಳಸಿದ್ದು ಬೆಳ್ಳಿಯ ಲವಣ ಸವರಿದ ಕಾಗದದ ನೆಗೆಟಿವ್. ಆ ಲವಣಕ್ಕೆ ನೀಲಿ ಬೆಳಕು ಚೆನ್ನಾಗಿ ನಾಟುತ್ತದೆ, ಕೆಂಪು ನಾಟುವುದೇ ಇಲ್ಲ ಎನ್ನಬಹುದು. ಹಾಗಾಗಿ ಆಕಾಶ ಬೆಳ್ಳಗೆ ಬೆಳಗಿತು, ಕೆಂಪು ಬಂಡೆ ಕಪ್ಪಿಗೆ ಜಾರಿತು. ನಮ್ಮ ಕಡೆಯ ಬೂದುಗಲ್ಲಿಗೆ ಇದರಿಂದ ಅಷ್ಟೇನೂ ನಷ್ಟವಿಲ್ಲ. ಬಾದಾಮಿಗೆ ಮಾತ್ರ ದೊಡ್ಡ ನಷ್ಟ. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಲವಣಕ್ಕೆ ಬಣ್ಣದ ದ್ರವ್ಯ ಬೆರೆಸಿ ಹಸಿರನ್ನೂ ಗ್ರಹಿಸುವಂತೆ ಮಾಡಿದರು. ಕೆಂಪನ್ನೂ ಗ್ರಹಿಸುವ ಪ್ಲೇಟು ಅಂಗಡಿಗೆ ಬಂದದ್ದು 1906ರಲ್ಲಿ. ಅದೂ ಕಪ್ಪು-ಬಿಳುಪೇ. 1935ರಲ್ಲಿ ಕೊಡಾಕ್ರೋಮ್ ಬಂದ ಮೇಲೆ ಕೆಂಪನ್ನು ಕೆಂಪಾಗಿಯೇ ಹಿಡಿಯುವುದು ಪ್ರವಾಸಿಗನ ಕೈಗೂ ಎಟುಕತೊಡಗಿತು. ಬಿಗ್ಸ್ ಬಂದು ಅಷ್ಟರಲ್ಲಿ 80 ವರ್ಷ ಕಳೆದಿತ್ತು.

ಈ ಕೆಂಪಿನ ಮೂಲ ಕಬ್ಬಿಣ. ಮರಳಿನ ಒಂದೊಂದು ಕಣಕ್ಕೂ ಕಬ್ಬಿಣದ ತುಕ್ಕು ತೆಳುವಾಗಿ ಮೆತ್ತಿಕೊಂಡು, ಕೋಟ್ಯಂತರ ವರ್ಷ ಒತ್ತಿ ಗಟ್ಟಿಯಾದ ಕಲ್ಲಿದು. ಭೂವಿಜ್ಞಾನಿಗಳು ಈ ಪದರಕ್ಕೆ ಇಟ್ಟ ಹೆಸರಿನಲ್ಲೇ ‘ಗುಹಾಲಯ’ ಸೇರಿಕೊಂಡಿದೆ. ಕ್ರಿ.ಶ. 578ರ ಮಂಗಳೇಶನ ಶಾಸನವಿರುವ ಮೂರನೆಯ ಗುಹೆ, ಹದಿನೆಂಟು ಕೈಗಳ ನಟರಾಜನಿರುವ ಮೊದಲನೆಯ ಗುಹೆ ಎರಡನ್ನೂ ಕೊರೆದದ್ದು ಇದೇ ಕಲ್ಲಿನಲ್ಲಿ.

ಗುಹೆಗಳ ಮುಖ ಬಹುಮಟ್ಟಿಗೆ ಉತ್ತರಕ್ಕೆ. ನೇರ ಬಿಸಿಲು ಒಳಗೆ ಹೆಚ್ಚು ನುಗ್ಗುವುದಿಲ್ಲ. ಎದುರಿನ ನೆಲಕ್ಕೆ, ಬಂಡೆಗೆ ಬಿದ್ದ ಬಿಸಿಲು ಪುಟಿದು ಒಳಬರುತ್ತದೆ. ಬರುವಾಗಲೇ ಕೆಂಪನ್ನು ಹೊತ್ತು ತರುತ್ತದೆ. ಅಮೆರಿಕದ ಅರಿಜೋನಾ ಮರುಭೂಮಿಯ ಆ್ಯಂಟಿಲೋಪ್ ಕಣಿವೆ ಉರಿಯುವಂತೆ ಕಾಣುವುದೂ ಹೀಗೆ ಪುಟಿದ ಬೆಳಕಿನಿಂದಲೇ. ನನ್ನ ಫೋಟೊ ಕೆಟ್ಟದ್ದೇಕೆಂಬುದೂ ಇಲ್ಲಿ ಗೊತ್ತಾಯಿತು. ಫೋನು ಈ ಕೆಂಪನ್ನು ದೋಷವೆಂದು ತಿಳಿದು ತಾನಾಗಿಯೇ ತಿದ್ದಿಬಿಡುತ್ತದೆ. ವೈಟ್ ಬ್ಯಾಲೆನ್ಸನ್ನು ‘ಆಟೊ’ದಿಂದ ತೆಗೆದು ಬಿಸಿಲಿನ ಗುರುತಿಗೆ ನಿಲ್ಲಿಸಿದೆ, ಬೆಳಕು ಸ್ವಲ್ಪ ತಗ್ಗಿಸಿದೆ. ಎರಡನೆಯ ಪ್ರವಾಸದಲ್ಲಿ ಕೆಂಪು ಕೆಂಪಾಗಿಯೇ ಮನೆಗೆ ಬಂತು. ಟ್ರೈಪಾಡ್ ಬೇಕೆನ್ನುವವರು ಪುರಾತತ್ತ್ವ ಇಲಾಖೆಯ ಅನುಮತಿ ಪಡೆದೇ ಹೋಗಬೇಕು.

ಹೆಚ್ಚಿನ ಪ್ರವಾಸಿಗರು ನಾಲ್ಕು ಗುಹೆ ಮುಗಿಸಿ, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಒಂದು ಸೆಲ್ಫಿ ತೆಗೆದುಕೊಂಡು ಬಸ್ಸು ಹತ್ತುತ್ತಾರೆ. ನನ್ನ ಮನಸ್ಸು ಸೋತದ್ದು ಸಿಡಿಲಫಡಿಗೆ. ಊರಿನಿಂದ ಕುರುಚಲು ಪೊದೆಗಳ ನಡುವೆ 3–4 ಕಿ.ಮೀ. ನಡೆಯಬೇಕು. ಎರಡು ಭಾರಿ ಬಂಡೆಗಳ ನಡುವೆ ಕಲ್ಲೇ ಸೇತುವೆಯಾಗಿ ಬಾಗಿ ನಿಂತ ಸಹಜ ಕಮಾನು ಅದು. ನೆತ್ತಿಯಲ್ಲಿ ದೊಡ್ಡ ತೂತುಗಳಿವೆ. ಸಿಡಿಲು ಹೊಡೆದು ಆದವು ಎಂಬ ಮಾತಿನಿಂದಲೇ ಈ ಹೆಸರು. ಹೊತ್ತು ಏರಿದಾಗ ಆ ತೂತುಗಳಿಂದ ಇಳಿಯುವ ಬಿಸಿಲು ಕಮಾನಿನ ಹೊಟ್ಟೆಯನ್ನೆಲ್ಲ ಬೆಳಗುತ್ತದೆ. ನಾಲ್ಕು ಗುಹೆಗಳಲ್ಲಿ ಕಂಡದ್ದಕ್ಕಿಂತ ಈ ಬೆಳಕು ನನಗೆ ಹೆಚ್ಚು.

ಕಮಾನಿನ ಆಸರೆಯಲ್ಲಿ ಇತಿಹಾಸಪೂರ್ವ ಕಾಲದವರು ಬರೆದ ಚಿತ್ರಗಳಿವೆ, ಬಹಳ ಮಸುಕಾಗಿವೆ. ಫೋಟೊದಲ್ಲಿ ಎದ್ದು ಕಾಣಲಿ ಎಂದು ಅವುಗಳ ಮೇಲೆ ನೀರು ಎರಚಬೇಡಿ, ಬೆರಳಿನಿಂದ ಒರೆಸಬೇಡಿ. ಮಸುಕಾಗಿದ್ದರೆ ಮಸುಕಾಗಿಯೇ ತೆಗೆದುಕೊಂಡು ಬನ್ನಿ.