ತಲೆಯ ಮೇಲೆ ಬೆಟ್ಟ, ಬಾಯಲ್ಲಿ ಒಪ್ಪಿಗೆ

ಕುತ್ತಿಗೆಗೆ ಚಾಕು ಹಿಡಿದು ಹಾಕಿಸಿಕೊಂಡ ಸಹಿ ಕೋರ್ಟಿನಲ್ಲಿ ನಿಲ್ಲುತ್ತಾ? ನಮ್ಮ 1872ರ ಕರಾರು ಕಾಯ್ದೆಯ ಪ್ರಕಾರ, ಬಲವಂತಕ್ಕೆ ಸಿಕ್ಕಿ ಒಪ್ಪಿದವರು ಆ ಕರಾರನ್ನು ರದ್ದು ಮಾಡಿಸಬಹುದು.

ಬೆದರಿಸಿದವನು ದೇವರೇ ಆಗಿದ್ದರೆ?

ಈ ಪ್ರಶ್ನೆಯನ್ನು ಯೆಹೂದಿ ಧರ್ಮಪಂಡಿತರೇ ಎತ್ತಿದ್ದಾರೆ. ಅವರ ಬ್ಯಾಬಿಲೋನಿಯದ ತಾಲ್ಮುದ್ ಎಂಬ ಗ್ರಂಥದಲ್ಲಿ, ಶಬ್ಬತ್ ಎಂಬ ಭಾಗದಲ್ಲಿ ಆ ಚರ್ಚೆ ಇದೆ. ಸೀನಾಯ್ ಬೆಟ್ಟದ ಬುಡದಲ್ಲಿ ಇಸ್ರಾಯೇಲಿನ ಜನ ನಿಂತಿದ್ದಾರೆ. ದೇವರು ಇಡೀ ಬೆಟ್ಟವನ್ನೇ ಎತ್ತಿ, ಕೊಪ್ಪರಿಗೆ ಕವುಚಿದ ಹಾಗೆ ಅವರ ತಲೆಯ ಮೇಲೆ ಹಿಡಿದನಂತೆ. ತೋರಾವನ್ನು, ಅಂದರೆ ತನ್ನ ಧರ್ಮಶಾಸ್ತ್ರವನ್ನು, ಒಪ್ಪಿದರೆ ಸರಿ, ಇಲ್ಲದಿದ್ದರೆ ಅಲ್ಲೇ ಸಮಾಧಿ.

ರವ್ ಅಹಾ ಬರ್ ಯಾಕೋವ್ ಎಂಬ ಪಂಡಿತರು ಕೂಡಲೇ ಹೇಳುತ್ತಾರೆ: ಹಾಗಾದರೆ ತೋರಾದ ಮೇಲೆ ಇದೊಂದು ದೊಡ್ಡ ತಕರಾರು. ಹೆದರಿ ಒಪ್ಪಿದವರನ್ನು ಮುಂದೆ ಹೊಣೆ ಮಾಡುವುದು ಹೇಗೆ?

ಎಂಥ ಧೈರ್ಯ ನೋಡಿ! ಇನ್ನೊಬ್ಬ ಪಂಡಿತರು, ರಾವಾ, ಇದನ್ನು ತಳ್ಳಿಹಾಕುವುದಿಲ್ಲ. ಪರ್ಷಿಯಾದ ದೊರೆ ಅಹಷ್ವೇರೋಷನ ಕಾಲದಲ್ಲಿ, ಅಂದರೆ ಎಸ್ತೇರ್ ರಾಣಿಯ ಕಾಲದಲ್ಲಿ, ಜನ ತೋರಾವನ್ನು ಮತ್ತೊಮ್ಮೆ ಒಪ್ಪಿಕೊಂಡರು ಎನ್ನುತ್ತಾರೆ. ಆ ಕಾಲದ ಕಥೆ ಹೇಳುವ ಎಸ್ತೇರಳ ಪುಸ್ತಕದ ಹೀಬ್ರೂ ಪಾಠದಲ್ಲಿ ದೇವರ ಹೆಸರೇ ಬರುವುದಿಲ್ಲ! ಅಲ್ಲಿ ತಲೆಯ ಮೇಲೆ ಬೆಟ್ಟವೂ ಇಲ್ಲ.

ಬೆಟ್ಟದಡಿ ನಿಂತವನಿಗೂ ಆಯ್ಕೆ ಇತ್ತು, ಬೇಕಿದ್ದರೆ ಸಾಯಬಹುದಿತ್ತು ಎಂದು ವಾದಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಬೇಡ ಎಂದವನು ಬದುಕಿ ಉಳಿಯಬಹುದಾದ ಕಡೆ ಮಾತ್ರ ಹೌದು ಎಂಬ ಮಾತಿಗೆ ತೂಕ. ರಾವಾ ಕೂಡ ಬೆಟ್ಟದಡಿಯ ಒಪ್ಪಿಗೆಯನ್ನು ಸಮರ್ಥಿಸಿಕೊಳ್ಳಲಿಲ್ಲ, ಎರಡನೆಯದನ್ನು ಹುಡುಕಿಕೊಂಡು ಹೋದರು.