ಕೂಡಿ ಬಾಳುವ ಕಟ್ಟಳೆ

ಸಂಜೆಯ ಹೊತ್ತು ನಾಲ್ಕಾರು ಮಂದಿ ಸ್ನೇಹಿತರು ಕಲೆತಾಗ ಒಂದು ಮಾತು ಆಗಾಗ ನಮ್ಮ ಕಿವಿಗೆ ಬೀಳುವುದುಂಟು. ಊರಾಚೆ ಎಲ್ಲಿಯಾದರೂ ಒಂದಿಷ್ಟು ನೆಲ ಕೊಂಡು, ಸಮಾನಮನಸ್ಕರಾದ ಹತ್ತು ಕುಟುಂಬಗಳು ಒಂದೆಡೆ ನೆಲೆಸಿ, ಒಂದೇ ಅಡಿಗೆಯ ಮನೆ, ಒಂದೇ ತೋಟ, ಒಂದೇ ಪುಸ್ತಕಭಂಡಾರ ಇಟ್ಟುಕೊಂಡು ಏಕೆ ಬಾಳಬಾರದು ಎಂಬುದೇ ಆ ಮಾತು. ಕಾಫಿ ಮುಗಿಯುವುದರೊಳಗೆ ಮನೆಗಳ ನಕ್ಷೆಯೂ ಸಿದ್ಧವಾಗಿರುತ್ತದೆ. ಮರುದಿನ ಬೆಳಗ್ಗೆ ಎಲ್ಲರೂ ತಂತಮ್ಮ ಕಚೇರಿಗೆ ಹೊರಡುತ್ತಾರೆ. ಇದನ್ನು ಹಗಲುಗನಸೆಂದು ನಗುವುದು ಸುಲಭ. ಆದರೆ ಇಂಥ ಬಾಳನ್ನು ನಿಜವಾಗಿ ಬಾಳಿ ನೋಡಿದವರು ಲೋಕದಲ್ಲಿ ಉಂಟು. ಅವರಿಗೆ ಯಾವುದು ಕೈಗೂಡಿತು, ಯಾವುದು ಕೈಗೂಡಲಿಲ್ಲ ಎಂಬುದನ್ನು ಈ ಹೊತ್ತು ಕೊಂಚ ವಿಚಾರ ಮಾಡೋಣ.

ಮೊದಲು ಒಂದು ಭೇದವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕೂಡಿ ಬಾಳುವುದು ನಮಗೆ ಹೊಸತಲ್ಲ. ಅವಿಭಕ್ತ ಕುಟುಂಬದಲ್ಲಿ ನಮ್ಮ ಹಿರಿಯರು ಮೂವತ್ತು ನಲವತ್ತು ಜನ ಒಂದೇ ಒಲೆಯ ಅನ್ನ ಉಂಡವರು. ಆದರೆ ಆ ಕುಟುಂಬಕ್ಕೆ ಯಾರೂ ಆರಿಸಿಕೊಂಡು ಬಂದವರಲ್ಲ. ಹುಟ್ಟಿ ಬಂದವರು, ಇಲ್ಲವೆ ಮದುವೆಯಾಗಿ ಬಂದವರು. ಅಲ್ಲಿ ಜಗಳವಾದರೂ ರಕ್ತಸಂಬಂಧದ ಹಗ್ಗ ಹಿಡಿದು ನಿಲ್ಲಿಸುತ್ತದೆ. ನಾವೀಗ ಹೇಳಹೊರಟಿರುವ ನೆಲೆಗಳಲ್ಲಿ ಆ ಹಗ್ಗವಿಲ್ಲ. ಒಂದು ಸಂಕಲ್ಪವನ್ನು ನಂಬಿ ಬಂದ ಅಪರಿಚಿತರು ಅಲ್ಲಿ ಸೇರಿರುತ್ತಾರೆ. ಹಗ್ಗವನ್ನು ಅವರೇ ಹೊಸೆಯಬೇಕು.

ಈ ಹೊಸೆಯುವ ಕೆಲಸವನ್ನು ಸ್ಪಷ್ಟವಾಗಿ ತೋರಿಸತಕ್ಕ ನಿದರ್ಶನ ದಕ್ಷಿಣ ಆಫ್ರಿಕದಲ್ಲಿ ಗಾಂಧಿಯವರು ನಡೆಸಿದ ಎರಡು ನೆಲೆಗಳು. 1904ರಲ್ಲಿ ಅವರು ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ರೈಲಿನಲ್ಲಿ ಹೊರಟಾಗ ಮಿತ್ರರಾದ ಹೆನ್ರಿ ಪೋಲಾಕರು ರಸ್ಕಿನ್ ಬರೆದ ಪುಸ್ತಕವೊಂದನ್ನು ಓದಲು ಕೊಟ್ಟರು. ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ವಕೀಲನ ದುಡಿಮೆಗೂ ಕ್ಷೌರಿಕನ ದುಡಿಮೆಗೂ ಒಂದೇ ಬೆಲೆ, ಕೈದುಡಿಮೆಯ ಬಾಳೇ ಬಾಳತಕ್ಕ ಬಾಳು ಎಂಬ ತತ್ತ್ವ ಮನಸ್ಸನ್ನು ಹಿಡಿಯಿತು. ಅದೇ ವರ್ಷ ಡರ್ಬನ್ನಿಗೆ 14 ಮೈಲಿ ದೂರದ ಫೀನಿಕ್ಸ್ ಎಂಬಲ್ಲಿ ಮೊದಲು 20 ಎಕರೆ, ಬಳಿಕ ಅದಕ್ಕೆ ಹೊಂದಿದ 80 ಎಕರೆ ನೆಲವನ್ನು ಒಟ್ಟು 1,000 ಪೌಂಡಿಗೆ ಕೊಂಡು, ‘ಇಂಡಿಯನ್ ಒಪೀನಿಯನ್’ ಪತ್ರಿಕೆಯ ಅಚ್ಚುಕೂಟವನ್ನು ಅಲ್ಲಿಗೆ ಸಾಗಿಸಿದರು. ನೆಲೆಸಲು ಬಂದವರಿಗೆ ತಲಾ 3 ಎಕರೆಯ ಹಿಡುವಳಿ, ತಿಂಗಳಿಗೆ 3 ಪೌಂಡು ಜೀವನಾಂಶ ಎಂದು ಗೊತ್ತಾಯಿತು.

ಅಲ್ಲಿ ಪತ್ರಿಕೆ ಮೊದಲ ಸಲ ಅಚ್ಚಾಗಬೇಕಾದ ರಾತ್ರಿ ಎಣ್ಣೆಯ ಎಂಜಿನು ಕೆಟ್ಟು ನಿಂತಿತು. ಡರ್ಬನ್ನಿನಿಂದ ಕರೆಸಿದ್ದ ಎಂಜಿನಿಯರನ ಪ್ರಯತ್ನವೂ ಫಲಿಸಲಿಲ್ಲ. ಇಂಥ ಹೊತ್ತಿಗೆಂದು ಕೈಯಿಂದ ತಿರುಗಿಸುವ ಚಕ್ರವೊಂದನ್ನು ಮೊದಲೇ ಮಾಡಿಸಿದ್ದರು. ಆದರೆ ಅದನ್ನು ತಿರುಗಿಸಲು ನೆಲೆಯವರ ತೋಳು ಸಾಲದು. ಕಟ್ಟಡದ ಕೆಲಸಕ್ಕೆ ಬಂದಿದ್ದ ಬಡಗಿಗಳು ಅಲ್ಲಿಯೇ ಮಲಗಿದ್ದರು. ಗಾಂಧಿಯವರು ಅವರನ್ನು ಎಬ್ಬಿಸಿ ಸಹಾಯ ಬೇಡಿದರು. ಎಲ್ಲರೂ ಸರದಿಯ ಮೇಲೆ ಬೆಳಗಾಗುವ ತನಕ ಚಕ್ರ ತಿರುಗಿಸಿದರು. ಅಚ್ಚುಕೂಟವನ್ನು ನೋಡಿಕೊಳ್ಳುತ್ತಿದ್ದ ಆಲ್ಬರ್ಟ್ ವೆಸ್ಟರು ಭಜನೆ ಹಾಡುತ್ತ ದುಡಿದರು. ಪತ್ರಿಕೆ ಹೊತ್ತಿಗೆ ಸರಿಯಾಗಿ ಹೊರಟಿತು. ಬೆಳಗ್ಗೆ ಎಂಜಿನು ಹದಕ್ಕೆ ಬಂದಿತು! ಕೂಡುಬಾಳಿನ ಮೊದಲ ಪಾಠ ಇದರಲ್ಲಿದೆ. ಬರಿಯ ಸ್ನೇಹದಿಂದ ಜನ ಬಹುಕಾಲ ಒಂದೆಡೆ ನಿಲ್ಲರು. ವಾರವಾರವೂ ಮುಗಿಯಲೇಬೇಕಾದ, ಎಲ್ಲರ ಕೈಯನ್ನೂ ಬೇಡುವ ಒಂದು ಕೆಲಸವಿರಬೇಕು.

ಎರಡನೆಯ ನೆಲೆ ಇನ್ನೂ ಕಷ್ಟದ ಕಾಲದಲ್ಲಿ ಹುಟ್ಟಿತು. ಟ್ರಾನ್ಸ್‌ವಾಲಿನ ಸತ್ಯಾಗ್ರಹದಲ್ಲಿ ಸೆರೆಗೆ ಹೋದವರ ಹೆಂಡತಿ ಮಕ್ಕಳಿಗೆ ತಿಂಗಳು ತಿಂಗಳೂ ಹಣ ಹಂಚುವುದು ದುಸ್ತರವಾಗಿತ್ತು. ಅವರನ್ನೆಲ್ಲ ಒಂದೆಡೆ ಇರಿಸಿದರೆ ವೆಚ್ಚ ಇಳಿಯುತ್ತದೆ, ಸರಳವಾದ ಬಾಳೂ ಅಭ್ಯಾಸವಾಗುತ್ತದೆ ಎಂದು ಗಾಂಧಿಯವರು ಯೋಚಿಸಿದರು. 1910ರಲ್ಲಿ ವಾಸ್ತುಶಿಲ್ಪಿ ಹರ್ಮನ್ ಕಾಲೆನ್‌ಬಾಕರು ಜೋಹಾನ್ಸ್‌ಬರ್ಗಿನಿಂದ 21 ಮೈಲಿ ದೂರದಲ್ಲಿದ್ದ ತಮ್ಮ 1,100 ಎಕರೆಯ ಜಮೀನನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಅದಕ್ಕೆ ‘ಟಾಲ್‌ಸ್ಟಾಯ್ ಫಾರಂ’ ಎಂದು ಹೆಸರಾಯಿತು. ಸುಮಾರು ಒಂದು ಸಾವಿರ ಹಣ್ಣಿನ ಮರಗಳು, ಎರಡು ಬಾವಿ, ಒಂದು ಊಟೆ, ಗುಡ್ಡದ ಬುಡದಲ್ಲಿ ಐದಾರು ಜನಕ್ಕೆ ಸಾಲುವ ಒಂದು ಚಿಕ್ಕ ಮನೆ ಅಲ್ಲಿದ್ದುವು. ಗುಜರಾತಿಗಳು, ತಮಿಳರು, ತೆಲುಗರು, ಉತ್ತರ ಹಿಂದುಸ್ತಾನದವರು. ಹಿಂದುಗಳು, ಮುಸಲ್ಮಾನರು, ಪಾರ್ಸಿಗಳು, ಕ್ರೈಸ್ತರು ಬಂದು ಸೇರಿದರು. ತಗಡಿನ ಮನೆಗಳನ್ನು ಎತ್ತಿದರು. ಹೆಂಗಸರ ಮನೆ ಬೇರೆ, ಗಂಡಸರ ಮನೆ ಬೇರೆ, ಅಡಿಗೆಯ ಮನೆ ಒಂದೇ.

ಈ ಒಂದೇ ಅಡಿಗೆಯ ಮನೆಯೇ ಇಂಥ ನೆಲೆಗಳ ನಿಜವಾದ ಪರೀಕ್ಷಾಮಂದಿರ. ತತ್ತ್ವದಲ್ಲಿ ಒಪ್ಪಿದವರು ಸಾರಿನಲ್ಲಿ ಒಪ್ಪುವುದಿಲ್ಲ! ಮಾಂಸಾಹಾರದ ಅಭ್ಯಾಸವುಳ್ಳ ಕ್ರೈಸ್ತರೂ ಮುಸಲ್ಮಾನರೂ ಅಲ್ಲಿದ್ದರು. ಅವರಿಗೆ ಮಾಂಸ ಬೇಕಾದರೆ ಒದಗಿಸಬೇಕಾದುದು ತಮ್ಮ ಕರ್ತವ್ಯವೆಂದು ಗಾಂಧಿಯವರು ನಿಶ್ಚಯಿಸಿಕೊಂಡು, ಅವರೊಡನೆ ಮನಬಿಚ್ಚಿ ಮಾತನಾಡಿದರು. ಅವರು ತಾವಾಗಿ ಸಸ್ಯಾಹಾರಕ್ಕೆ ಒಪ್ಪಿದರು. ರಂಜಾನ್ ತಿಂಗಳು ಬಂದಾಗ ಮುಸಲ್ಮಾನ ಹುಡುಗರು ರೋಜಾ ಹಿಡಿದರು. ಉಳಿದ ಮತದವರು ಹಲವರು ಅವರ ಜೊತೆಗೆ ತಾವೂ ಹಗಲಿನ ಊಟ ಬಿಟ್ಟರು; ಸಂಜೆ ಸೂರ್ಯಾಸ್ತಕ್ಕೆ ಮುಂಚೆ ತಮ್ಮ ಊಟ ಮುಗಿಸಿಕೊಂಡು, ರೋಜಾ ಬಿಡುವ ಗೆಳೆಯರಿಗೆ ರುಚಿಯಾದ ಪದಾರ್ಥ ಮಾಡಿ ಬಡಿಸಲು ಸಿದ್ಧರಾಗುತ್ತಿದ್ದರು. ನೂರು ಉಪನ್ಯಾಸಗಳಿಂದ ಆಗದ ಐಕ್ಯ ಆ ಬಡಿಸುವ ಕೈಯಿಂದ ಆಯಿತೆಂದು ನಾವು ತಿಳಿಯುತ್ತೇವೆ.

ಕೆಲಸದ ವಿಷಯದಲ್ಲಿ ನಿಯಮ ಖಂಡಿತವಾಗಿತ್ತು. ಮನೆಗೆಲಸಕ್ಕೆ ಆಳುಗಳಿಲ್ಲ. ಊಟೆಯ ನೀರನ್ನು ಸುಮಾರು 500 ಗಜ ದೂರದಿಂದ ಹೊತ್ತು ತರಬೇಕು. ಮಲವನ್ನೂ ಕಸವನ್ನೂ ತಾವೇ ಗುಂಡಿಯಲ್ಲಿ ಹೂಳಿ ಗೊಬ್ಬರ ಮಾಡಬೇಕು. ಎಲ್ಲಿಯೂ ಹೊಲಸು ಕಾಣಿಸಕೂಡದು. ಕಾಲೆನ್‌ಬಾಕರು ಟ್ರ್ಯಾಪಿಸ್ಟ್ ಸನ್ಯಾಸಿಗಳ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದು ಉಳಿದವರಿಗೆ ಕಲಿಸಿದರು. ನೆಲೆಯ ಕೆಲಸಕ್ಕಾಗಿ ಜೋಹಾನ್ಸ್‌ಬರ್ಗಿಗೆ ಹೋಗುವವರು ರೈಲಿನಲ್ಲಿ ಮೂರನೆಯ ತರಗತಿಯಲ್ಲಿ ಹೋಗಬಹುದು. ಸ್ವಂತ ಕೆಲಸಕ್ಕೆ ಹೋಗುವವರು 21 ಮೈಲಿ ನಡೆಯತಕ್ಕದ್ದು. ನಡೆಯುವವರು ರಾತ್ರಿ ಎರಡು ಗಂಟೆಗೆ ಎದ್ದು ಬುತ್ತಿ ಕಟ್ಟಿಕೊಂಡು ಹೊರಟು ಆರೇಳು ಗಂಟೆಯಲ್ಲಿ ಊರು ಸೇರುತ್ತಿದ್ದರು. ಈ ನಿಯಮ ಮೇಲುನೋಟಕ್ಕೆ ಕ್ರೂರವಾಗಿ ಕಾಣಬಹುದು. ಆದರೆ ಅದು ಸ್ಥಾಪಕನಿಗೂ ಹುಡುಗನಿಗೂ ಒಂದೇ ಆಗಿತ್ತು, ಆದುದರಿಂದಲೇ ನಡೆಯಿತು.

ಗುಣವನ್ನು ಹೇಳಿದ ಮೇಲೆ ದೋಷವನ್ನು ಮುಚ್ಚುವುದು ಸರಿಯಲ್ಲ. ಫಾರಂನಲ್ಲಿ ಹುಡುಗರೂ ಹುಡುಗಿಯರೂ ಒಟ್ಟಿಗೆ ಕಲಿಯುತ್ತಿದ್ದರು. ಒಮ್ಮೆ ಕೆಲವು ಹುಡುಗರು ಇಬ್ಬರು ಹುಡುಗಿಯರನ್ನು ಹಾಸ್ಯ ಮಾಡಿದರು. ಗಾಂಧಿಯವರು ಹುಡುಗರಿಗೆ ಬುದ್ಧಿ ಹೇಳಿದರು. ಅಷ್ಟಕ್ಕೆ ನಿಲ್ಲದೆ, ಎಚ್ಚರಿಕೆಯ ಗುರುತಾಗಿ ಹುಡುಗಿಯರ ಕೂದಲನ್ನು ಕತ್ತರಿಸಬೇಕೆಂದರು. ಹಿರಿಯ ಹೆಂಗಸರಿಗೆ ಮೊದಲು ಅದು ಸಹಿಸಲಿಲ್ಲ, ಕೊನೆಗೆ ಒಪ್ಪಿದರು. ಗಾಂಧಿಯವರೇ ಕತ್ತರಿಸಿದರು, ಅದನ್ನು ಅವರೇ ಬರೆದಿಟ್ಟಿದ್ದಾರೆ. ತಪ್ಪು ಹುಡುಗರದು, ಗುರುತು ಹುಡುಗಿಯರ ತಲೆಯ ಮೇಲೆ! ಅಡಿಗೆಯ ಮನೆಯ ಭಾರವೂ ಅಲ್ಲಿ ಹೆಂಗಸರ ಮೇಲೆಯೇ ಇತ್ತು. ಮಹಾನುಭಾವನೊಬ್ಬನ ಬಲದ ಮೇಲೆ ನಿಂತ ನೆಲೆಯಲ್ಲಿ ಆತನ ಮಾತಿಗೆ ಎದುರಾಡುವ ದಾರಿಯೊಂದು ಇರಬೇಕು. ಇಲ್ಲದಿದ್ದರೆ ಒಪ್ಪಿಗೆಗೂ ವಿಧೇಯತೆಗೂ ಭೇದ ತಿಳಿಯದೆ ಹೋಗುತ್ತದೆ.

ಕೆಲಸವನ್ನು ಸಮನಾಗಿ ಹಂಚಲು ಇತರರು ಕಂಡುಕೊಂಡ ಉಪಾಯವೊಂದನ್ನು ಇಲ್ಲಿ ಹೇಳಬಹುದು. ಅಮೆರಿಕದ ವರ್ಜೀನಿಯದಲ್ಲಿ 1967ರಲ್ಲಿ ಸ್ಥಾಪಿತವಾದ ‘ಟ್ವಿನ್ ಓಕ್ಸ್’ ಎಂಬ ನೆಲೆಯಲ್ಲಿ ಪ್ರತಿಯೊಬ್ಬರೂ ವಾರಕ್ಕೆ ಗೊತ್ತಾದಷ್ಟು ಗಂಟೆ ದುಡಿಯಬೇಕು. ಹಣ ತರುವ ಕೆಲಸದ ಗಂಟೆಗೂ ಅಡಿಗೆ, ಮಕ್ಕಳ ಪೋಷಣೆಗಳ ಗಂಟೆಗೂ ಲೆಕ್ಕದಲ್ಲಿ ಭೇದವಿಲ್ಲ. ಲೆಕ್ಕ ಬರೆಯುವುದು ಪ್ರೀತಿಗೆ ಕುಂದೆಂದು ಕೆಲವರು ಭಾವಿಸುತ್ತಾರೆ. ಲೆಕ್ಕವಿಲ್ಲದ ಕಡೆ ಪಾತ್ರೆ ಬೆಳಗುವವರು ಯಾವಾಗಲೂ ಅವರೇ ಆಗಿರುತ್ತಾರೆಂಬುದನ್ನು ನಮ್ಮ ಮನೆಗಳಲ್ಲಿಯೇ ನೋಡಬಹುದು.

ಯಾರನ್ನು ಸೇರಿಸಿಕೊಳ್ಳಬೇಕು ಎಂಬುದು ಮುಂದಿನ ಪ್ರಶ್ನೆ. ಸ್ಕಾಟ್ಲೆಂಡಿನ ನ್ಯೂ ಲಾನಾರ್ಕಿನಲ್ಲಿ ಗಿರಣಿ ನಡೆಸಿ ಹೆಸರಾಗಿದ್ದ ರಾಬರ್ಟ್ ಓವೆನ್ 1825ರಲ್ಲಿ ಅಮೆರಿಕದ ಇಂಡಿಯಾನದಲ್ಲಿ ‘ನ್ಯೂ ಹಾರ್ಮನಿ’ ಎಂಬ ಸಿದ್ಧವಾದ ಊರನ್ನೇ ಕೊಂಡರು. ಮನೆಗಳಿದ್ದುವು, ಹೊಲಗಳಿದ್ದುವು, ಹಣವಿದ್ದಿತು. ಬಾಗಿಲನ್ನು ಎಲ್ಲರಿಗೂ ತೆರೆದರು. ವಿದ್ವಾಂಸರು ಬಂದರು, ಸೋಮಾರಿಗಳೂ ಬಂದರು. ಹೊಲ ಉಳುವವರು ಮಾತ್ರ ಸಾಲದಾದರು. ಆಡಳಿತದ ನಿಬಂಧನೆಯನ್ನು ಪದೇ ಪದೇ ಬದಲಾಯಿಸಿದರೂ ಪ್ರಯೋಜನವಾಗಲಿಲ್ಲ. 1827ರ ವೇಳೆಗೆ ಆ ಪ್ರಯೋಗ ಮುಗಿದಿತ್ತು. ಇದಕ್ಕೆ ಪ್ರತಿಯಾಗಿ, ಹದಿನಾರನೆಯ ಶತಮಾನದಿಂದ ಬಂದ ಹಟರೈಟರೆಂಬ ಕ್ರೈಸ್ತಪಂಗಡದವರು ಸೊತ್ತನ್ನೆಲ್ಲ ಸಮಾನವಾಗಿರಿಸಿಕೊಂಡು ಇಂದಿಗೂ ಉತ್ತರ ಅಮೆರಿಕದಲ್ಲಿ ಬಾಳುತ್ತಿದ್ದಾರೆ. ಒಂದು ನೆಲೆಯ ಜನಸಂಖ್ಯೆ 150ರ ಆಸುಪಾಸಿಗೆ ಬಂದೊಡನೆ ಅವರು ಅದನ್ನು ಎರಡಾಗಿ ಒಡೆದು ಹೊಸ ನೆಲೆ ಕಟ್ಟುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಗೊತ್ತಿರುವ ತನಕ ಮಾತ್ರ ಕೂಡುಬಾಳು ಎಂಬುದು ಅವರ ಅನುಭವ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ, ಸಂಕಲ್ಪಕ್ಕೆ ಬೆಲೆ ಕೊಡಬೇಕಾಗಿ ಬಂದಾಗ ಬರುತ್ತದೆ. 1915ರಲ್ಲಿ ಗಾಂಧಿಯವರು ಅಹಮದಾಬಾದಿನ ಕೋಚರಬಿನಲ್ಲಿ ಆಶ್ರಮ ತೆರೆದ ಕೆಲವೇ ತಿಂಗಳಲ್ಲಿ ದೂದಾಭಾಯಿ, ಆತನ ಹೆಂಡತಿ ದಾನೀಬೆಹೆನ್, ಕೂಸು ಲಕ್ಷ್ಮಿ ಎಂಬ ಅಸ್ಪೃಶ್ಯರೆನಿಸಿದ್ದ ಕುಟುಂಬದವರು ಸೇರಲು ಬಯಸಿದರು. ಆಶ್ರಮದ ನಿಯಮಗಳನ್ನು ಒಪ್ಪಿದುದರಿಂದ ಅವರನ್ನು ಸೇರಿಸಿಕೊಂಡರು. ಬಾವಿಯಲ್ಲಿ ಕಪಿಲೆ ಹೊಡೆಯುವವನು ಮೈಲಿಗೆಯಾಯಿತೆಂದು ಬೈಯತೊಡಗಿದನು. ಹಣ ಕೊಡುತ್ತಿದ್ದವರು ನಿಲ್ಲಿಸಿದರು. ಆಶ್ರಮದ ಒಳಗೆ ಕಸ್ತೂರಬಾ ಮೊದಲಾದ ಹೆಂಗಸರಿಗೂ ಇದು ಹಿತವೆನಿಸಲಿಲ್ಲ. ಮುಂದಿನ ತಿಂಗಳಿಗೆ ಹಣವಿಲ್ಲವೆಂದು ಮಗನ್‌ಲಾಲರು ತಿಳಿಸಿದಾಗ, ಹಾಗಾದರೆ ಅಸ್ಪೃಶ್ಯರ ಕೇರಿಗೇ ಹೋಗಿ ಇರೋಣವೆಂದು ಗಾಂಧಿಯವರು ಉತ್ತರ ಕೊಟ್ಟರು. ಕೆಲವು ದಿನಗಳಲ್ಲಿ ಸೇಠರೊಬ್ಬರು ಕಾರಿನಲ್ಲಿ ಬಂದು 13,000 ರೂಪಾಯಿ ಕೊಟ್ಟು ಹೋದರು. ಬೈಗುಳವನ್ನು ಸಹಿಸಿ ನೀರು ಸೇದುತ್ತಲೇ ಇದ್ದುದರಿಂದ ಕಪಿಲೆಯವನೂ ನಾಚಿ ಸುಮ್ಮನಾದನು. ನಮಗೆ ಮುಖ್ಯವಾದುದು ಹಣ ಬಂದುದಲ್ಲ. ಹಣ ಬರುವುದಕ್ಕೆ ಮುಂಚೆ ಕೊಟ್ಟ ಉತ್ತರ.

ಕೊನೆಯದಾಗಿ, ಇಂಥ ನೆಲೆಗಳು ಮುಗಿಯುವ ವಿಚಾರ. ಟಾಲ್‌ಸ್ಟಾಯ್ ಫಾರಂ ಮೂರು ವರ್ಷವೂ ತುಂಬದೆ 1913ರಲ್ಲಿ ನಿಂತಿತು. ಉಳಿದಿದ್ದವರು ಫೀನಿಕ್ಸಿಗೆ ಹೋದರು. ಫೀನಿಕ್ಸಿನ ಮನೆಗಳು 1985ರ ದೊಂಬಿಯಲ್ಲಿ ಸುಟ್ಟುಹೋಗಿ, ಮತ್ತೆ ಕಟ್ಟಲ್ಪಟ್ಟು 2000ದಲ್ಲಿ ತೆರೆದುವು. ಗಲಿಲೀ ಸರೋವರದ ತೀರದಲ್ಲಿ 1910ರಲ್ಲಿ ಹತ್ತು ಗಂಡಸರೂ ಇಬ್ಬರು ಹೆಂಗಸರೂ ಆರಂಭಿಸಿದ ದೆಗಾನ್ಯ ಎಂಬ ಕಿಬ್ಬುತ್ಸು ಸುಮಾರು ಒಂದು ಶತಮಾನ ಸಮಾನತೆಯಿಂದ ನಡೆದು, 2007ರಲ್ಲಿ ದುಡಿಮೆಗೆ ತಕ್ಕ ಸಂಬಳದ ಪದ್ಧತಿಯನ್ನು ಒಪ್ಪಿಕೊಂಡಿತು. ಇವನ್ನು ಸೋಲೆಂದು ಕರೆಯಲು ನಮಗೆ ಮನಸ್ಸು ಬಾರದು. ಸೆರೆಮನೆಗೆ ಹೋದವರು ಮನೆಯವರ ಚಿಂತೆಯಿಲ್ಲದೆ ಇರುವಂತೆ ಮಾಡುವುದಕ್ಕಾಗಿ ಫಾರಂ ಹುಟ್ಟಿತು; ಆ ಕೆಲಸವನ್ನು ಮಾಡಿತು. ಛತ್ರ ಊರಾಗಲಿಲ್ಲವೆಂದು ದಾರಿಗರು ದೂರುವುದುಂಟೆ?

ಆದುದರಿಂದ, ಸಂಜೆಯ ಹರಟೆಯಲ್ಲಿ ನಕ್ಷೆ ಬರೆಯುವ ಸ್ನೇಹಿತರಿಗೆ ನಾವು ಹೇಳತಕ್ಕುದು ಇಷ್ಟೆ. ನೆಲವನ್ನು ಆಮೇಲೆ ಕೊಳ್ಳೋಣ. ಮೊದಲು ನಾವು ಕೂಡುವುದು ಯಾವ ಕೆಲಸಕ್ಕೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯೋಣ. ನೆಲ ಯಾರ ಹೆಸರಿನಲ್ಲಿರಬೇಕು, ಬಿಟ್ಟುಹೋಗುವವನಿಗೆ ಏನು ಸಲ್ಲಬೇಕು ಎಂಬುದನ್ನು ಸ್ನೇಹ ಚೆನ್ನಾಗಿರುವಾಗಲೇ ಕಾಗದದ ಮೇಲೆ ಇಡೋಣ. ಬಳಿಕ ಯಾರಾದರೊಬ್ಬರ ಮನೆಯಲ್ಲಿ ಒಂದು ತಿಂಗಳು ಎಲ್ಲರೂ ಒಟ್ಟಿಗೆ ಅಡಿಗೆ ಮಾಡಿ, ಒಟ್ಟಿಗೆ ಉಂಡು, ಸರದಿಯ ಮೇಲೆ ಪಾತ್ರೆ ಬೆಳಗಿ ನೋಡೋಣ. ಆ ತಿಂಗಳು ಕಳೆದ ಮೇಲೂ ಸಂಜೆಯ ಮಾತು ಸಿಹಿಯಾಗಿಯೇ ಉಳಿದಿದ್ದರೆ, ನೆಲ ಹುಡುಕಲು ಹೊರಡಬಹುದು.