ಅಂಕಿಗಳಾಗಿ ಸಾಗುವ ದನಿ

ಆನವಟ್ಟಿಯಲ್ಲಿ ನಿಂತು ಒಬ್ಬರು ಶಿಕಾರಿಪುರದಲ್ಲಿರುವವರೊಡನೆ ಮೊಬೈಲಿನಲ್ಲಿ ಮಾತಾಡಿದರೆ, ಬಾಯಿಂದ ಮೈಕಿನವರೆಗೆ, ಮತ್ತೆ ಸ್ಪೀಕರಿನಿಂದ ಕಿವಿಯವರೆಗೆ ಮಾತ್ರ ಆ ಮಾತು ಗಾಳಿಯ ಅಲೆ. ನಡುವಿನ ದಾರಿಯುದ್ದಕ್ಕೂ ಅದು ಅಂಕಿಗಳ ಸಾಲು. ದನಿ, ಚಿತ್ರ, ಎದೆಬಡಿತ, ಭೂಕಂಪನ ಹೀಗೆ ಏರಿಳಿತವಿರುವ ಯಾವುದನ್ನೇ ಆದರೂ ಅಂಕಿಗಳಾಗಿ ಬರೆದುಕೊಂಡು, ಅವುಗಳ ಮೇಲೆ ಲೆಕ್ಕ ನಡೆಸಿ, ಬೇಕಾದ್ದನ್ನು ಉಳಿಸಿಕೊಳ್ಳುವ ವಿದ್ಯೆಯೇ ಡಿಜಿಟಲ್ ಸಿಗ್ನಲ್ ಪ್ರಾಸೆಸಿಂಗ್.

ಮೈಕು ದನಿಯನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ದೂರವಾಣಿ ವ್ಯವಸ್ಥೆ ಆ ಏರಿಳಿತವನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಒಂದೊಂದು ಅಳತೆಗೂ ಮಾದರಿ ಎಂದು ಹೆಸರು. ಎರಡು ಮಾದರಿಗಳ ನಡುವೆ ನಡೆದದ್ದು ಕಳೆದುಹೋಗುವುದಿಲ್ಲವೇ ಎಂಬ ಸಂದೇಹ ಯಾರಿಗಾದರೂ ಬರುತ್ತದೆ. ಅಲೆಯಲ್ಲಿರುವ ಅತಿ ವೇಗದ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಏನೂ ಕಳೆಯುವುದಿಲ್ಲ, ಮಾದರಿಗಳಿಂದಲೇ ಮೂಲ ಅಲೆಯನ್ನು ಪೂರ್ತಿಯಾಗಿ ಮತ್ತೆ ಕಟ್ಟಬಹುದು ಎಂಬುದು ಗಣಿತದ ಉತ್ತರ. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಇದರ ತಳಹದಿ ಹಾಕಿದರು. ರಷ್ಯಾದ ಕೊತೆಲ್ನಿಕೋವ್ 1933ರಲ್ಲಿ, ಅಮೆರಿಕದ ಕ್ಲಾಡ್ ಶಾನನ್ 1949ರಲ್ಲಿ ಇದನ್ನು ಪ್ರಮೇಯವಾಗಿ ಪ್ರಕಟಿಸಿದರು. ಇಡೀ ಡಿಜಿಟಲ್ ಯುಗ ನಿಂತಿರುವುದು ಈ ಒಂದು ಪ್ರಮೇಯದ ಮೇಲೆ ಎಂದರೆ ಹೆಚ್ಚು ಹೇಳಿದಂತಲ್ಲ.

ನಿಯಮ ಮೀರಿದರೆ ಆಗುವ ಹಾನಿ ಮಾತ್ರ ವಿಚಿತ್ರವಾದುದು. ಸೆಕೆಂಡಿಗೆ 5,000 ಸಲ ಕಂಪಿಸುವ ಸದ್ದನ್ನು 8,000 ಸಲ ಅಳೆದರೆ ಅದು 3,000 ಕಂಪನದ ಸದ್ದಿನ ವೇಷ ಹಾಕಿಕೊಂಡು ಬರುತ್ತದೆ. ಸಿನಿಮಾದಲ್ಲಿ ಮುಂದಕ್ಕೆ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಕಾರಣದಿಂದ. ಒಮ್ಮೆ ಹೀಗೆ ಬೆರೆತ ಸುಳ್ಳು ಸದ್ದನ್ನು ಆಮೇಲೆ ಯಾವ ಲೆಕ್ಕವೂ ಬೇರ್ಪಡಿಸಲಾರದು. ಆದ್ದರಿಂದ ಅಳೆಯುವ ಮೊದಲೇ ಮೇಲಿನ ಕಂಪನಗಳನ್ನು ಸೋಸಿ ತೆಗೆಯುತ್ತಾರೆ. ಸೆಕೆಂಡಿಗೆ ಎಷ್ಟು ಕಂಪನ ಎಂಬುದರ ಅಳತೆಯೇ ಹರ್ಟ್ಜ್. ಹಳೆಯ ದೂರವಾಣಿ ದಾಟಿಸುತ್ತಿದ್ದುದು ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ದನಿಯನ್ನಷ್ಟೇ. ‘ಸ’ಕಾರದ ಸದ್ದು ಬಹುಪಾಲು ಅದರಾಚೆ ಇರುತ್ತದೆ. ಶಿರಾಳಕೊಪ್ಪ, ಸೊರಬ ಎಂದು ಎಷ್ಟು ಸ್ಪಷ್ಟವಾಗಿ ಉಚ್ಚರಿಸಿದರೂ ಅತ್ತಲಿನ ಕಿವಿಗೆ ‘ಶ’ ಮತ್ತು ‘ಸ’ ಹತ್ತಿರ ಹತ್ತಿರವಾಗಿ ಕೇಳಿಸುತ್ತಿದ್ದುದು ಅದಕ್ಕೇ. ಸಂಗೀತಕ್ಕೆ ಇಷ್ಟು ಸಾಲದು. ಮನುಷ್ಯನ ಕಿವಿ 20,000 ಹರ್ಟ್ಜ್‌ವರೆಗೂ ಕೇಳಬಲ್ಲದಾದ್ದರಿಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಮಾದರಿಗಳಿರುತ್ತವೆ.

ಅಳತೆಯನ್ನು ಬರೆದಿಡಲು ಮೆಟ್ಟಿಲುಗಳು ಬೇಕು. 0 ಅಥವಾ 1 ಆಗಿರುವ ಒಂದೊಂದು ಅಂಕಿಗೆ ಬಿಟ್ ಎಂದು ಹೆಸರು. 8 ಬಿಟ್‌ಗಳಿದ್ದರೆ 256 ಮೆಟ್ಟಿಲು, ಸಿ.ಡಿ.ಯ 16 ಬಿಟ್‌ಗಳಿಗೆ 65,536. ನಿಜವಾದ ಅಳತೆ ಎರಡು ಮೆಟ್ಟಿಲುಗಳ ನಡುವೆ ಬಿದ್ದರೆ ಹತ್ತಿರದ್ದಕ್ಕೆ ಕೂರಿಸಬೇಕು. ಆ ಚಿಕ್ಕ ತಪ್ಪು ಕಿವಿಗೆ ಸಣ್ಣ ಗೊರಗೊರವಾಗಿ ಕೇಳಿಸುತ್ತದೆ. ದೂರವಾಣಿ 8 ಬಿಟ್‌ಗಳಲ್ಲೇ ತೂಗಿಸಿಕೊಂಡು ಹೋಗುತ್ತದೆ. ಮೆಲುದನಿಯ ಕಡೆ ಮೆಟ್ಟಿಲುಗಳನ್ನು ಒತ್ತೊತ್ತಾಗಿ, ಗಟ್ಟಿದನಿಯ ಕಡೆ ದೂರದೂರ ಇಟ್ಟಿರುವುದು ಅದರ ಜಾಣತನ. 8,000 ಮಾದರಿ, ಒಂದೊಂದಕ್ಕೆ 8 ಬಿಟ್: ಒಂದು ದನಿಗೆ ಸೆಕೆಂಡಿಗೆ 64,000 ಬಿಟ್.

ಇಷ್ಟು ಪಾಡು ಪಡುವುದರ ಫಲ ಕಾಣುವುದು ದನಿ ದೂರ ಸಾಗುವಾಗ. ಅನಲಾಗ್ ತಂತಿಯಲ್ಲಿ ಸೊರಗಿದ ದನಿಯನ್ನು ಹಿಗ್ಗಿಸಿದರೆ ಅದಕ್ಕಂಟಿದ ಗೊರಗೊರವೂ ಹಿಗ್ಗುತ್ತದೆ. ಡಿಜಿಟಲ್‌ನಲ್ಲಿ 0 ಮತ್ತು 1ನ್ನು ಗುರುತಿಸುವಷ್ಟು ಉಳಿದಿದ್ದರೆ ಸಾಕು, ದಾರಿಯಲ್ಲಿ ಹೊಸದಾಗಿ ಬರೆದು ಮುಂದೆ ಕಳಿಸಬಹುದು. ಮಾದರಿಗಳನ್ನು ಸರದಿಯಲ್ಲಿ ಹೆಣೆದು 30 ಜನರ ಮಾತನ್ನು ಒಂದೇ ಮಾರ್ಗದಲ್ಲಿ ಸಾಗಿಸಲೂ ಬರುತ್ತದೆ.

ಈ ವಿದ್ಯೆ ಭಾರತದ ಹಳ್ಳಿಗೆ ಸ್ವದೇಶಿ ಯಂತ್ರವಾಗಿ ಮೊದಲು ಬಂದದ್ದು ಕರ್ನಾಟಕದಲ್ಲೇ. ಆನವಟ್ಟಿಯಿಂದ ಹಾನಗಲ್ ದಾರಿ ಹಿಡಿದು ಧಾರವಾಡ ದಾಟಿದರೆ ರಾಣಿ ಚೆನ್ನಮ್ಮನ ಕಿತ್ತೂರು ಸಿಗುತ್ತದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಎಂಬ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ ರೂಪಿಸಿದ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್‌ನ ಮೊದಲ ಘಟಕ 1986ರ ಜುಲೈನಲ್ಲಿ ಅಲ್ಲಿ ಕೆಲಸ ಆರಂಭಿಸಿತು. 128 ಪೋರ್ಟ್‌ಗಳ ಆ ಯಂತ್ರಕ್ಕೆ ಎ.ಸಿ. ಕೋಣೆ ಬೇಕಿರಲಿಲ್ಲ. ಬಿಸಿಲು, ಧೂಳುಗಳ ನಡುವೆ ಬಾಳಿಕೆ ಬರುವಂತೆಯೇ ಅದನ್ನು ವಿನ್ಯಾಸ ಮಾಡಿದ್ದರು. ಆಮೇಲೆ ಇಂಥ ಎಕ್ಸ್‌ಚೇಂಜ್‌ಗಳು ದೇಶದ ಸಾವಿರಾರು ಊರುಗಳನ್ನು ತಲುಪಿದವು. ನಮ್ಮ ಎಂಜಿನಿಯರಿಂಗ್ ಚರಿತ್ರೆಯಲ್ಲಿ ಕಿತ್ತೂರಿಗೆ ಇನ್ನೂ ದೊಡ್ಡ ಜಾಗ ಸಲ್ಲಬೇಕು.

ಅಂಕಿಗಳು ಕೈಗೆ ಸಿಕ್ಕ ಮೇಲೆ ಉಳಿದದ್ದು ಬರೀ ಲೆಕ್ಕ. 6, 6, 6, 15, 6, 6, 6 ಎಂಬ ಸಾಲಿನಲ್ಲಿ 15 ಎಂಬುದು ಎಲ್ಲೋ ಸಿಡಿದ ಕಿಡಿಯ ಸದ್ದು ಎಂದಿಟ್ಟುಕೊಳ್ಳಬಹುದು. ಪ್ರತಿ ಮೂರು ಅಂಕಿಗಳ ಸರಾಸರಿ ತೆಗೆಯುತ್ತ ಹೋದರೆ 6, 9, 9, 9, 6 ಬರುತ್ತದೆ: ಸಿಡಿತ ತಗ್ಗಿತು, ಆದರೆ ಅಕ್ಕಪಕ್ಕಕ್ಕೂ ಹರಡಿತು. ಸರಾಸರಿಯ ಬದಲು ಮೂರನ್ನೂ ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ಆರಿಸಿಕೊಂಡರೆ ಎಲ್ಲ ಕಡೆಯೂ 6, ಸಿಡಿತ ಪೂರ್ತಿ ಮಾಯ. ಡಿಜಿಟಲ್ ಫಿಲ್ಟರ್ ಎಂದರೆ ಇದೇ. ಎಷ್ಟು ಅಂಕಿ ಸೇರಿಸಬೇಕು, ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬ ಆಯ್ಕೆಯಲ್ಲಿ ಎಂಜಿನಿಯರನ ಕೈಚಳಕವಿದೆ.

ಎಂಥ ಗೋಜಲಿನ ಅಲೆಯನ್ನೂ ಸರಳ ಅಲೆಗಳಾಗಿ ಬಿಡಿಸುವ ದಾರಿಯನ್ನು ಫ್ರಾನ್ಸಿನ ಫೂರಿಯೆ 19ನೇ ಶತಮಾನದ ಆರಂಭದಲ್ಲಿ ತೋರಿಸಿದರು. ಆಸ್ಪತ್ರೆಯ ಇ.ಸಿ.ಜಿ. ಯಂತ್ರ ಎದೆಬಡಿತದೊಳಗೆ ನುಸುಳಿದ ಕರೆಂಟಿನ 50 ಹರ್ಟ್ಜ್ ಅಲೆಯನ್ನು ಗುರುತಿಸಿ ತೆಗೆಯುವುದರ ಹಿಂದೆ ಇರುವುದು ಈ ವಿಚಾರವೇ. ಆದರೆ 1,024 ಮಾದರಿಗಳನ್ನು ನೇರವಾಗಿ ಬಿಡಿಸಲು ಹತ್ತು ಲಕ್ಷಕ್ಕೂ ಹೆಚ್ಚು ಗುಣಾಕಾರ ಬೇಕು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಒಳದಾರಿ ಅದನ್ನು ಸುಮಾರು 5,000ಕ್ಕೆ ಇಳಿಸಿತು. ಇದೇ ಉಪಾಯ ಗಾಸ್ ಎಂಬ ಗಣಿತಜ್ಞರಿಗೆ 1805ರ ಸುಮಾರಿಗೇ ಹೊಳೆದಿತ್ತೆಂದು ಗೊತ್ತಾದದ್ದು ಆಮೇಲೆ.

ಫಿಲ್ಟರಿನ ಕೆಲಸ ಬಹುಪಾಲು ಗುಣಿಸುವುದು, ಕೂಡುವುದು. ಅದನ್ನೇ ಅತಿವೇಗವಾಗಿ ಮಾಡುವ ವಿಶೇಷ ಚಿಪ್‌ಗಳು 1980ರ ದಶಕದಲ್ಲಿ ಬಳಕೆಗೆ ಬಂದವು. ಅವುಗಳಿಗೆ ಹೆಸರಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. 2ಜಿ ಮೊಬೈಲಿನಲ್ಲಿ ಇಂಥ ಚಿಪ್ ಮಾತನ್ನು 160 ಮಾದರಿಗಳ ತುಣುಕುಗಳಾಗಿ ಕತ್ತರಿಸಿ, ಗಂಟಲು ಮತ್ತು ಬಾಯಿ ಆ ಕ್ಷಣ ಯಾವ ಆಕಾರದಲ್ಲಿವೆ ಎಂದು ಅಂದಾಜು ಮಾಡಿ, ಆ ಅಂದಾಜಿನ ವಿವರಗಳನ್ನೂ ಅಂದಾಜಿಗೆ ಸಿಗದೆ ಉಳಿದ ಸದ್ದಿನ ಸಂಕ್ಷಿಪ್ತ ರೂಪವನ್ನೂ ಕಳಿಸುತ್ತದೆ. 64,000 ಬಿಟ್‌ಗಳ ಕೆಲಸ 13,000 ಬಿಟ್‌ಗಳಲ್ಲಿ ಮುಗಿಯುತ್ತದೆ.

4ಜಿಯ ಎಚ್.ಡಿ. ವಾಯ್ಸ್ ಕರೆಯಲ್ಲಿ ಮಾದರಿಗಳು ಸೆಕೆಂಡಿಗೆ 16,000ಕ್ಕೆ ಏರಿವೆ, ದನಿ 7,000 ಹರ್ಟ್ಜ್‌ವರೆಗೂ ದಾಟುತ್ತದೆ. ಅದಕ್ಕೆ ಎರಡೂ ತುದಿಯ ಫೋನುಗಳು ಮತ್ತು ನಡುವಿನ ಜಾಲ ಹೊಂದಿಕೊಂಡಿರಬೇಕು. ಒಂದು ಕಡೆ 2ಜಿ ಸಂಪರ್ಕವಿದ್ದರೂ ಇಡೀ ಕರೆ ಹಳೆಯ 3,400 ಹರ್ಟ್ಜ್‌ಗೆ ಇಳಿಯುತ್ತದೆ.